ದಡ ಹಿಡಿಯದ ಹರಿಗೋಲು

ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ವೃಷಭೇಂದ್ರ ಗುರುಗಳಿದ್ದರು. ಹಿಂದೆ ಹೃದಯದ ವೈದ್ಯರಾಗಿದ್ದವರು. ಶಿಷ್ಯ ಕೊಟ್ರಯ್ಯನೂ ಡಾಕ್ಟರೇ. ಓದಿದ್ದು ಬಹಳ, ಅನುಮಾನ ಅದಕ್ಕಿಂತ ಬಹಳ.

ಆಶ್ರಮದ ಅಡುಗೆಯ ನೀಲಮ್ಮನಿಗೆ ಮೂವತ್ತಾರು ವರ್ಷ. ಅಪ್ಪ, ಅಣ್ಣ ಇಬ್ಬರೂ ನಲವತ್ತು ದಾಟುವ ಮೊದಲೇ ಎದೆನೋವಿನಿಂದ ಹೋದವರು. ಈಗ ಹೊಳೆಯ ಮೆಟ್ಟಿಲು ಹತ್ತಿದರೆ ಅವಳಿಗೂ ಎದೆ ಹಿಡಿಯುತ್ತಿತ್ತು. ರಕ್ತ ಪರೀಕ್ಷೆ ಮಾಡಿದರೆ ಕೊಲೆಸ್ಟ್ರಾಲ್ ಮುಗಿಲು ಮುಟ್ಟಿತ್ತು.

ಕೊಟ್ರಯ್ಯ ಅವಳಿಗೆ ತುಪ್ಪ, ಕೊಬ್ಬರಿ, ಕರಿದದ್ದು ಎಲ್ಲ ಬಿಡಿಸಿದ. ಮೂರು ತಿಂಗಳಾದರೂ ಕೊಲೆಸ್ಟ್ರಾಲ್ ಇಳಿಯಲೊಲ್ಲದು.

ಕದ್ದು ತಿನ್ನುತ್ತಾಳೆ ಎಂದುಕೊಂಡ ಮಹಾಶಯ ತುಪ್ಪದ ಗಡಿಗೆಗೆ ಇದ್ದಿಲಿನ ಗೆರೆ ಎಳೆದು ಕಾವಲು ಕೂತ. ತುಪ್ಪ ಗೆರೆ ಬಿಟ್ಟು ಕದಲಲಿಲ್ಲ. ಒಲೆ ಮುಟ್ಟಿಸಿ ಆಣೆ ಮಾಡಿಸಿದ. ತಿಂದಿಲ್ಲ ಎಂದಳು. ನಿಜ ಒಪ್ಪುವ ತನಕ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯನ್ನೂ ಕೊಡುವುದಿಲ್ಲ ಎಂದು ಹಟ ಹಿಡಿದ. ಪಾಪ, ಅವಳು ಅವಮಾನಕ್ಕೆ ಊಟವನ್ನೇ ಬಿಟ್ಟಳು.

ಅವನಿಗೆ ತಲೆಬುಡ ತಿಳಿಯಲಿಲ್ಲ. ಗುರುಗಳ ಬಳಿ ಬಂದು ಎಲ್ಲ ಹೇಳಿಕೊಂಡ.

ಅವರು ಅವನನ್ನು ಕುಂಬಳಕಾಯಿ ತುಂಬಿದ ಹರಿಗೋಲಿಗೆ ಹತ್ತಿಸಿ, ತಾವೂ ಕೂತು ಹೊಳೆಗೆ ಬಿಟ್ಟರು. ಹಗ್ಗದ ಕುಣಿಕೆಯನ್ನು ಕೈಗಿಟ್ಟು, ದಡದ ಗೂಟಕ್ಕೆ ಎಸೆದು ಹರಿಗೋಲು ನಿಲ್ಲಿಸು ಎಂದರು.

ಎಸೆದ. ಜಾರಿತು. ಮತ್ತೆ ಎಸೆದ, ಮತ್ತೆ ಜಾರಿತು. ಹೊರೆ ಹೆಚ್ಚಾಯಿತೇನೋ ಎಂದು ಕಾಯಿಗಳನ್ನೆಲ್ಲ ಒಂದೊಂದಾಗಿ ಹೊಳೆಗೆ ಹಾಕಿದ. ಹರಿಗೋಲು ಬರಿದಾಯಿತು. ಆದರೂ ದಡ ಸಿಗದೆ ಗಿರಗಿರ ಸುತ್ತುತ್ತಲೇ ಇತ್ತು.

ಆಗ ಕುಣಿಕೆಯ ಕಡೆ ನೋಡಿದ. ಅದು ಸೊಟ್ಟಗೆ ಗಂಟುಬಿದ್ದಿತ್ತು. ಹತ್ತರಲ್ಲಿ ಒಮ್ಮೆ ಗೂಟಕ್ಕೆ ಕೂತರೆ ಹೆಚ್ಚು.

"ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣಕ್ಕೂ ಪ್ರೋಟೀನಿನ ಇಂಥದೊಂದು ಕುಣಿಕೆ ಇದೆ" ಎಂದರು ಗುರುಗಳು. "ಅದರ ಆಕಾರ ಹುಟ್ಟಿನಿಂದಲೇ ಸೊಟ್ಟಗಿದ್ದರೆ, ಕಣವನ್ನು ರಕ್ತದಿಂದ ಎಳೆದುಕೊಳ್ಳುವ ಯಕೃತ್ತಿನ ಗೂಟಕ್ಕೆ ಸಿಗುವುದಿಲ್ಲ. ತುಪ್ಪ ಬಿಟ್ಟರೂ ಸುತ್ತುತ್ತಲೇ ಇರುತ್ತದೆ."

"ಹುಟ್ಟಿನಿಂದ ಬಂದದ್ದನ್ನು ತಿದ್ದುವುದು ಹೇಗೆ, ಗುರುಗಳೇ?"

"ತಿದ್ದಲಾಗದು. ನೀನು ತಡೆಹಿಡಿದ ಮಾತ್ರೆ ಏನು ಮಾಡುತ್ತದೆ, ಹೇಳು."

ಕೊಟ್ರಯ್ಯ ಕುಣಿಕೆಯನ್ನು ಕೆಳಗಿಟ್ಟ. "ಯಕೃತ್ತಿನಲ್ಲಿ... ಗೂಟಗಳನ್ನು ಹೆಚ್ಚಿಸುತ್ತದೆ."

ಗೂಟ ಹೆಚ್ಚಿದರೆ ಸೊಟ್ಟ ಕುಣಿಕೆಯೂ ಒಂದಕ್ಕಲ್ಲ ಒಂದಕ್ಕೆ ಸಿಕ್ಕೀತು. ಇದು ಅವನು ಓದಿದ್ದೇ. ನಾಚಿಕೆಯಿಂದ ಅವನಿಗೆ ಅಳುವೇ ಬಂತು. ಅವಳ ಅಣ್ಣನ ಹಾಗೆ ಅವಳೂ ಹೋಗಿಬಿಟ್ಟಿದ್ದರೆ?

"ಯಾವ ಮುಖ ಹೊತ್ತು ಅವಳ ಮುಂದೆ ನಿಲ್ಲಲಿ? ಓದಿಯೂ ನನಗೇ ಏನೂ ತಿಳಿದಿರಲಿಲ್ಲ."

"ಮಾತ್ರೆ ಕೊಡುವಾಗ ಅದನ್ನೇ ಹೇಳು," ಎಂದರು ಗುರುಗಳು. "ಮೂರು ತಿಂಗಳಿಂದ ನಿಮ್ಮಿಬ್ಬರಲ್ಲಿ ನಿಜ ಹೇಳುತ್ತಿದ್ದವಳು ಅವಳೊಬ್ಬಳೇ."