ರಂಗಧಾಮ ಹೆಂಚಿನವರನ್ನು ಪರೀಕ್ಷೆ ಮಾಡಿದ್ದು

ಹಿಪ್ಪುನೇರಳೆ ಸೀಮೆಯಲ್ಲಿ ಒಬ್ಬಳು ತಾಯಿ, ಅವಳಿಗೊಬ್ಬನೇ ಮಗ. ತಾಯಿ ಅಂಬುಜಾಕ್ಷಮ್ಮ, ಆ ಕಾಲಕ್ಕೇ ಬಿ.ಎ. ಪಾಸು ಮಾಡಿದವಳು. ಮಗ ರಂಗಧಾಮ, ಮೂವತ್ತೆರಡು ತುಂಬಿದರೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ. "ಹಾಲು ಉಕ್ಕುತ್ತೇನೋ ನೋಡ್ತಾ ಇರು" ಅಂದರೆ ನೋಡುತ್ತಲೇ ಇರುವನು. ಹಾಲು ಉಕ್ಕಿ, ಒಲೆ ಆರಿ, ಅಡುಗೆಮನೆಯೆಲ್ಲ ಹರಿದರೂ ನೋಡುತ್ತಲೇ ಇರುವನು. "ಉಕ್ಕಿತಮ್ಮ, ಚೆನ್ನಾಗಿ ನೋಡ್ದೆ" ಅನ್ನುವನು.

ಊರಿಂದ ಒಂದು ಮೈಲಿ ಆಚೆ, ತೋಟದ ನಡುವೆ, ಅವರ ಹುಳುಮನೆ. ರೇಷ್ಮೆಹುಳು ಸಾಕುವ ಹೆಂಚಿನ ಮನೆ. ಹೆಂಚು ಹಳೆಯದಾಗಿ ಸೋರುತ್ತಿತ್ತು. ತೊಟ್ಟಿಕ್ಕುವ ಮನೆಯಲ್ಲಿ ಹುಳು ಬದುಕುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಮರಿಹುಳು ಬರುವುದಿತ್ತು.

ಹನ್ನೆರಡು ವರ್ಷದ ಕೆಳಗೆ ಇದೇ ಸೂರಿನಿಂದ ಚೌಡಪ್ಪ ಎಂಬ ಕೂಲಿಯವನು ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವನು ಇಂದಿಗೂ ಕೋಲೂರಿ ನಡೆಯುತ್ತಾನೆ. ಅವನನ್ನು ಕರೆತಂದ ಮೇಸ್ತ್ರಿ ಯಾರು, ಎಂಥವನು, ಹಗ್ಗ ಇತ್ತೋ ಇಲ್ಲವೋ, ಅಂದು ಆ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ಅಂಬುಜಾಕ್ಷಮ್ಮ ಅವತ್ತೇ ತನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು: "ಈ ಸೂರಿನಿಂದ ಇನ್ನೊಬ್ಬ ಬೀಳಕೂಡದು."

ಆ ಪುಟ ತೆಗೆದು ಓದಿಕೊಂಡು ಮಗನನ್ನು ಕರೆದಳು.

"ರಂಗಾ, ಪೇಟೆಯಲ್ಲಿ ಮುನಿಯಲ್ಲಪ್ಪ ಅಂತ ಸೂರಿನ ಕಂಟ್ರಾಕ್ಟರು ಇದ್ದಾನೆ. ಆಳುದ್ದ ಬೋರ್ಡು ಹಾಕಿದ್ದಾನಂತೆ. ಬೋರ್ಡು ನಂಬಬಾರದು. ಹೋಗಿ ಅವನ ಲೈಸೆನ್ಸು ನೋಡ್ಕೊಂಡು ಬಾ."

"ಹಾಗೇ ಆಗ್ಲಮ್ಮ!"

ಹೋದ, ಬಂದ.

"ನೋಡ್ದೇನೋ?"

"ನೋಡ್ದೆ! ಗೋಡೆ ಮೇಲೆ, ಗಾಜಿನ ಕಟ್ಟು ಹಾಕಿ ತೂಗುಹಾಕಿದ್ದಾರೆ. ಹಸಿರು ಕಾಗದ. ಮೂಲೇಲಿ ಒಂದು ಜಿರಲೆ ಸತ್ತಿದೆ."

"ತಾರೀಖು?"

"ಜಿರಲೆ ಸತ್ತಿದ್ದಾ?"

"ಅಯ್ಯೋ ನನ್ನಪ್ಪಾ! ಲೈಸೆನ್ಸಿಂದು ಕಣೋ!"

"ನೋಡು ಅಂದೆ ನೋಡ್ದೆ. ಓದು ಅನ್ಲಿಲ್ವಲ್ಲ."

ಅಂಬುಜಾಕ್ಷಮ್ಮ ಹಣೆ ಹಣೆ ಚಚ್ಚಿಕೊಂಡಳು. "ಹಾಗಲ್ಲ ಕಣೋ, ಹೀಗೆ! ಕಟ್ಟು ಹಾಕಿಸಿದ ಕಾಗದ ಕಂಡರೆ ಮೇಲಿಂದ ಕೆಳಗಿನವರೆಗೆ ಓದ್ಬೇಕು. ತಾರೀಖು ನೋಡ್ಬೇಕು. ಹಳೇದಾಗಿದ್ರೆ, 'ನಿಮ್ಮದು ಅವಧಿ ಮುಗಿದಿದೆ, ನಡೆಯಲ್ಲ' ಅಂತ ಮುಖಕ್ಕೇ ಹೇಳಿ ಎದ್ದು ಬರ್ಬೇಕು."

"ಹಾಗೇ ಆಗ್ಲಮ್ಮ!"

ಮರುದಿನ ಮತ್ತೆ ಕಳಿಸಿದಳು. ಮುನಿಯಲ್ಲಪ್ಪನ ಹತ್ತಿರಕ್ಕಲ್ಲ. ಅವನು ಹೋದ ವರ್ಷ ಹೆಂಚು ಹೊದಿಸಿಕೊಟ್ಟಿದ್ದ ಪಾಪಣ್ಣ ಮೇಷ್ಟ್ರ ಮನೆಗೆ. ಮಾಡಿದ ಕೆಲಸ ಹೇಗಿದೆ ಅಂತ ಮಾಡಿಸಿಕೊಂಡವರನ್ನೇ ಕೇಳಬೇಕು, ಅದು ಅವಳ ನಿಯಮ.

ರಂಗಧಾಮ ಹೋದ. ಮೇಷ್ಟ್ರೂ ಅವರ ಹೆಂಡತಿಯೂ ಆದರದಿಂದ ಕೂರಿಸಿ ಕಾಫಿ ಕೊಟ್ಟರು. ಎದುರು ಗೋಡೆಯಲ್ಲಿ ಅವರ ಮದುವೆಯ ಕರೆಯೋಲೆ, ಗಾಜಿನ ಕಟ್ಟು ಹಾಕಿಸಿದ್ದು. ರಂಗಧಾಮ ಲೋಟ ಕೆಳಗಿಟ್ಟ. ಎದ್ದು ನಿಂತ. ಗಣೇಶನ ಚಿತ್ರದಿಂದ ಹಿಡಿದು 'ತಮ್ಮ ಆಗಮನಾಭಿಲಾಷಿಗಳು' ವರೆಗೆ ಗಟ್ಟಿಯಾಗಿ ಓದಿದ. ತಾರೀಖು ನೋಡಿದ. ಇಬ್ಬರ ಮುಖವನ್ನೂ ನೋಡಿದ.

"ನಿಮ್ಮದು ಅವಧಿ ಮುಗಿದು ಇಪ್ಪತ್ತಾರು ವರ್ಷ ಆಯ್ತು. ನಡೆಯಲ್ಲ!"

ಅಂದವನೇ ಎದ್ದು ಬಂದ. ಮೇಷ್ಟ್ರ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಮೇಷ್ಟ್ರು ಮಾತ್ರ ನಗಲಿಲ್ಲ. ಊರವರೆಗೂ ಸೈಕಲ್ ತುಳಿದುಕೊಂಡು ಬಂದರು. "ಏನಮ್ಮಾ ಅಂಬುಜಾಕ್ಷಮ್ಮ, ನಿನ್ನ ಮಗ ನಮ್ಮ ಸಂಸಾರಾನೇ ರದ್ದು ಮಾಡಿ ಬಂದನಲ್ಲ!"

ಅವರಿಗೆ ಸಮಾಧಾನ ಹೇಳಿ ಕಳಿಸಿ ಮಗನ ಕಡೆ ತಿರುಗಿದಳು. "ಅಯ್ಯೋ ನನ್ನಪ್ಪಾ! ಸೂರು ನೋಡೋಕೆ ಹೋದವನು ಗೋಡೆ ನೋಡಿ ಬಂದ್ಯಾ? ಬೇರೇನೂ ಕಣ್ಣಿಗೆ ಬೀಳ್ಲಿಲ್ವೇನೋ?"

"ಬಿತ್ತು. ಮನೆ ತುಂಬ ಬೋಗುಣಿ ಇಟ್ಟಿದ್ದಾರಮ್ಮ, ನಡುಮನೇಲೇ ಐದು. ಎಲ್ಲದರಲ್ಲೂ ನೀರು. ಮೇಷ್ಟ್ರು ಪಾತ್ರೆ ವ್ಯಾಪಾರ ಶುರು ಮಾಡಿರ್ಬೇಕು."

ಅಂಬುಜಾಕ್ಷಮ್ಮ ನೋಟ್‌ಬುಕ್ ತೆಗೆದು ಬರೆದಳು: "ಮುನಿಯಲ್ಲಪ್ಪ. ಒಂದು ವರ್ಷದ ಸೂರು. ಐದು ಬೋಗುಣಿ." ದಡ್ಡನೋ ಅಲ್ಲವೋ, ಕಂಡದ್ದನ್ನು ಕಂಡ ಹಾಗೇ ಹೇಳುವವರು ಆ ಊರಲ್ಲಿ ಎಷ್ಟು ಮಂದಿ ಇದ್ದರು!

ಆದರೂ ಬೈಯದೆ ಬಿಡಲಿಲ್ಲ. "ಹಾಗಲ್ಲ ಕಣೋ, ಹೀಗೆ! ತಲೆ ಮೇಲೆ ಹೊದಿಸಿದ್ದು ಯಾವುದೇ ಇರ್ಲಿ, ಮೇಲಿಂದ ಒಂದು ಕೊಡ ನೀರು ಸುರಿಬೇಕು. ಕೆಳಗೆ ಕೂತು ನೋಡ್ಬೇಕು. ಒಂದೇ ಒಂದು ಹನಿ ಬಿದ್ದರೂ, 'ಈ ಮನುಷ್ಯ ಬೇಡ!' ಅಂತ ನನಗೆ ಕೂಗಿ ಹೇಳ್ಬೇಕು."

"ಹಾಗೇ ಆಗ್ಲಮ್ಮ!"

ಕೆರೆಯಾಚೆ ಬುಡೇನ್ ಸಾಬರು ಅಂತ ಇನ್ನೊಬ್ಬ ಹೆಂಚಿನ ಮೇಸ್ತ್ರಿ. ಬೋರ್ಡಿಲ್ಲ, ಬಡಾಯಿಯಿಲ್ಲ. "ಅವರ ಲೈಸೆನ್ಸು ಓದು. ಅವರ ಆಳುಗಳು ತಲೆಗೆ ಹೆಲ್ಮೆಟ್ ಹಾಕ್ತಾರೇನೋ ನೋಡು. ಅವರ ಕೆಲಸದಲ್ಲಿ ಇದುವರೆಗೆ ಯಾರಾದರೂ ಬಿದ್ದಿದ್ದಾರೇನೋ ಕೇಳು" ಅಂತ ಕಳಿಸಿದಳು.

ರಂಗಧಾಮ ಹೋದಾಗ ಸಾಬರು ಒಂದು ಗೋದಾಮಿನ ಸೂರು ರಿಪೇರಿ ಮಾಡಿಸುತ್ತಿದ್ದರು. ನೆತ್ತಿ ಸುಡುವ ಬಿಸಿಲು. ಒಬ್ಬ ಆಳು ಹಳದಿ ಹೆಲ್ಮೆಟ್ ಹಾಕಿಕೊಂಡು ನೆರಳಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ. ತಲೆ ಮೇಲೆ ಹೊದಿಸಿದ್ದು! ರಂಗಧಾಮ ತೊಟ್ಟಿಯಿಂದ ಒಂದು ಕೊಡ ನೀರು ತಂದ. ದಬದಬನೆ ಹೆಲ್ಮೆಟ್ ಮೇಲೆ ಸುರಿದ. ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು ಗದ್ದದ ಕೆಳಗೆ ನೋಡಿದ. ಮೂಗಿನ ತುದಿಯಿಂದ ತೊಟ್ಟು ತೊಟ್ಟು ತೊಟ್ಟು!

"ಅಮ್ಮಾ! ಈ ಮನುಷ್ಯ ಬೇಡ!"

ಅಮ್ಮ ಇದ್ದದ್ದು ಎರಡು ಮೈಲಿ ದೂರ. ಮೂರು ಸಲ ಕೂಗಿದ.

ಆಳು ನೆನೆದ ರೊಟ್ಟಿಯನ್ನು ನೋಡಿದ, ರಂಗಧಾಮನನ್ನು ನೋಡಿದ. ಬುಡೇನ್ ಸಾಬರು ಓಡಿ ಬಂದರು. "ಯಾರಪ್ಪ ನೀನು? ಹೆಲ್ಮೆಟ್ ಇರೋದು ಪೆಟ್ಟು ತಡೆಯೋಕೆ, ಮಳೆ ತಡೆಯೋಕಲ್ಲ!"

"ನಾನು ಅಂಬುಜಾಕ್ಷಮ್ಮನ ಮಗ. ನಿಮ್ಮ ಕೆಲಸದಲ್ಲಿ ಯಾರಾದರೂ ಬಿದ್ದಿದ್ದಾರಾ?"

ಸಾಬರ ಸಿಟ್ಟು ಇಳಿಯಿತು. ಆ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಅವರಿಗೆ ಯಾರೂ ಕೇಳಿರಲಿಲ್ಲ.

"ಇಬ್ಬರು ಬಿದ್ದಿದ್ದಾರಪ್ಪ. ಒಬ್ಬ ನನ್ನ ತಮ್ಮನೇ. ಅದಾದ ಮೇಲೆ ಹಗ್ಗ ಕಟ್ಟದೆ ಒಬ್ಬನನ್ನೂ ಮೇಲೆ ಹತ್ತಿಸಿಲ್ಲ." ಒಳಗಿಂದ ಒಂದು ಎಣ್ಣೆ ಹತ್ತಿದ ಪುಸ್ತಕ ತಂದು ತೋರಿಸಿದರು. ಯಾವ ದಿನ, ಯಾವ ಮನೆ, ಯಾರು ಮೇಲೆ ಹತ್ತಿದರು, ಯಾರು ಬಿದ್ದರು, ಯಾವ ಹಗ್ಗ ಹಳತಾಗಿ ಸುಟ್ಟುಹಾಕಿದ್ದು, ಎಲ್ಲ ಬರೆದಿತ್ತು.

ಮನೆಗೆ ಬಂದ ಮಗ ಮೊದಲು ಕೊಡದ ಕತೆ ಹೇಳಿದ. "ಅಯ್ಯೋ ನನ್ನಪ್ಪಾ!" ಆಯಿತು. ಆಮೇಲೆ ಅಂದ, "ಅಮ್ಮ, ಅವರ ಹತ್ರಾನೂ ನಿನ್ನ ಹಾಗೆ ಒಂದು ನೋಟ್‌ಬುಕ್ ಇದೆ. ಬಿದ್ದೋರ ಹೆಸರೆಲ್ಲ ಬರ್ಕೊಂಡಿದ್ದಾರೆ. ಲೈಸೆನ್ಸು ಇನ್ನೂ ಎರಡು ವರ್ಷ ನಡೆಯುತ್ತೆ."

ಅಂಬುಜಾಕ್ಷಮ್ಮನ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಬಿದ್ದವರ ಹೆಸರು ಬರೆದಿಟ್ಟುಕೊಳ್ಳುವ ಮನುಷ್ಯ! ತನ್ನ ಸೋಲನ್ನು ತನ್ನ ಕೈಯಾರೆ ಬರೆದಿಡುವುದು ಎಷ್ಟು ಕಷ್ಟ ಅಂತ ಅವಳಿಗೆ ಗೊತ್ತಿತ್ತು. ಚೌಡಪ್ಪ ಬಿದ್ದ ದಿನ ಅವಳೂ ಬರೆದಿದ್ದಳಲ್ಲ.

ಆದರೂ ಪರೀಕ್ಷೆ ಅಂದರೆ ಪರೀಕ್ಷೆ. "ಹಾಗಲ್ಲ ಕಣೋ, ಹೀಗೆ! ನಾಳೆ ಹೋಗಿ ಹಗ್ಗ ನೋಡು. ಹಗ್ಗ ಕಂಡ ತಕ್ಷಣ ಮೈಭಾರವೆಲ್ಲ ಬಿಟ್ಟು ಜೋತುಬೀಳು. ಕಿತ್ತು ಬಂದರೆ ಕಟ್ಟಿದವನು ಕೆಲಸಕ್ಕೆ ಬಾರದವನು."

"ಹಾಗೇ ಆಗ್ಲಮ್ಮ!"

ಸಾಬರ ಮನೆಗೆ ಹೋಗುವ ದಾರಿ ಪೇಟೆಯ ಮೇಲೆ ಹಾಯುತ್ತದೆ. ಅವತ್ತೇ ಮುನಿಯಲ್ಲಪ್ಪನ ಹೊಸ ಅಂಗಡಿಯ ಪೂಜೆ. ಬಾಗಿಲ ಮುಂದೆ ದೊಡ್ಡ ಶಾಮಿಯಾನ, ಒಳಗೆ ಪುರೋಹಿತರು, ನೆಂಟರು, ಊರ ದೊಡ್ಡವರು. ಶಾಮಿಯಾನದ ಮೂಲೆಗೊಂದು ಹಗ್ಗ.

ಹಗ್ಗ ಕಂಡಿತು. ರಂಗಧಾಮ ಜೋತುಬಿದ್ದ.

ಗೂಟ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಒಂದು ಕಂಬ ವಾಲಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಶಾಮಿಯಾನ ಅಷ್ಟೂ ಜನರ ಮೇಲೆ ಕಂಬಳಿ ಹೊದಿಸಿದ ಹಾಗೆ ಮಲಗಿತು. ಅದರ ಕೆಳಗಿಂದ ಮಂತ್ರ ಮಾತ್ರ ನಿಲ್ಲದೆ ಕೇಳುತ್ತಿತ್ತು.

ಮುನಿಯಲ್ಲಪ್ಪ ತಲೆಗೆ ಅಂಟಿದ ಹೂವಿನ ಸಮೇತ ಅಂಬುಜಾಕ್ಷಮ್ಮನ ಬಾಗಿಲಿಗೆ ಬಂದ. "ನಿಮ್ಮ ಮಗ ನನ್ನ ಮಾನ ತೆಗೆದ! ಶಾಮಿಯಾನ ಕೆಡವಿದ!"

"ಕಟ್ಟಿದ್ದು ಯಾರು?"

"ನಾನೇ! ನನ್ನ ಸ್ವಂತ ಕೈಯಿಂದ!"

"ನನ್ನ ಮಗ ಇರೋದು ಐವತ್ತು ಕೆ.ಜಿ. ನಿಮ್ಮ ಆಳು ಎಷ್ಟಿರ್ತಾನೆ?"

ಅಂಬುಜಾಕ್ಷಮ್ಮ ನೋಟ್‌ಬುಕ್ ತೆರೆದಳು.

"ನಿಮ್ಮ ಕೆಲಸದಲ್ಲಿ ಯಾರಾದರೂ ಬಿದ್ದಿದ್ದಾರಾ?"

"ಒಬ್ಬನೂ ಇಲ್ಲ! ಇವತ್ತಿನವರೆಗೂ ಒಬ್ಬನೂ ಇಲ್ಲ!"

"ಲೈಸೆನ್ಸಿನ ತಾರೀಖು?"

ಅವನು ತಲೆಯಿಂದ ಹೂವು ತೆಗೆದುಕೊಂಡ. "ಅದು... ರಿನ್ಯೂವಲ್ಲಿಗೆ ಕೊಡ್ಬೇಕು" ಅಂದ. ಅಂಬುಜಾಕ್ಷಮ್ಮ ಅದನ್ನೂ ಬರೆದುಕೊಂಡು, ಅವನು ಹೋದ ಮೇಲೆ ಆ ಪುಟದ ಮೇಲೆ ಅಡ್ಡಗೆರೆ ಎಳೆದಳು. ಕೆಲಸ ಬುಡೇನ್ ಸಾಬರಿಗೆ.

ಆಮೇಲೆ ಮಗನಿಗೆ ಬೈಗುಳ. "ಅಯ್ಯೋ ನನ್ನಪ್ಪಾ! ಅಷ್ಟು ಜನ ಕೆಳಗಿದ್ದಾಗ ಜಗ್ತಾರೇನೋ? ಯಾರ ತಲೆಗಾದರೂ ಕಂಬ ಬಿದ್ದಿದ್ರೆ? ಹಾಗಲ್ಲ ಕಣೋ, ಹೀಗೆ! ಮೊದಲು ಎಲ್ಲರನ್ನೂ ಆಚೆ ಕಳಿಸ್ಬೇಕು. ಸೂರಿನ ಕೆಳಗೆ ಒಂದು ನರಪಿಳ್ಳೆ ಇರಬಾರದು. ಬೀಗ ಜಡೀಬೇಕು, ಕೀಲಿಕೈ ಭದ್ರವಾಗಿಡಬೇಕು!"

"ಹಾಗೇ ಆಗ್ಲಮ್ಮ!"

ಬುಡೇನ್ ಸಾಬರು ಬಂದರು. ಆರು ದಿನ ಕೆಲಸ. ಎಂಥ ಕೆಲಸ! ಬೆಳಗ್ಗೆ ಮೇಲೆ ಹತ್ತುವ ಮುಂಚೆ ಒಬ್ಬೊಬ್ಬ ಆಳಿನ ಸೊಂಟದ ಹಗ್ಗವನ್ನು ತಾವೇ ಎಳೆದು ನೋಡುವರು. ಒಡಕು ಹೆಂಚನ್ನು ಬೆರಳಲ್ಲಿ ತಟ್ಟಿ, ಸದ್ದಿನಲ್ಲೇ ಗುರುತು ಹಿಡಿದು ಆಚೆ ಇಡುವರು. ಅಂಬುಜಾಕ್ಷಮ್ಮ ನೇರಳೆ ಗಿಡದ ಬದುವಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಎಲ್ಲ ಬರೆದುಕೊಂಡಳು. ಕೋಲೂರಿಕೊಂಡು ಬಂದ ಚೌಡಪ್ಪ ದಿನವೂ ಅವಳ ಪಕ್ಕ ನಿಂತು ನೋಡುವನು. "ನಮ್ಮ ಕಾಲದಲ್ಲಿ ಹಿಂಗೆ ಕಟ್ಟೋರಿದ್ದಿದ್ರೆ ಅಮ್ಮಾವ್ರೇ..." ಅಂತ ಅಷ್ಟಕ್ಕೇ ನಿಲ್ಲಿಸುವನು. ಅವಳು ಅದನ್ನೂ ಬರೆದುಕೊಳ್ಳುವಳು.

ಆರನೇ ದಿನ ಮಧ್ಯಾಹ್ನ ಕೊನೆಯ ಹೆಂಚು ಕೂತಿತು. ಎಲ್ಲರೂ ಕೆಳಗಿಳಿದರು. ಒಬ್ಬನೂ ಬಿದ್ದಿರಲಿಲ್ಲ. ನಾಳೆಯೇ ಮರಿಹುಳು ಬರುವುದು. ಅಂಬುಜಾಕ್ಷಮ್ಮ ಅಂಗಳದಲ್ಲಿ ಎಲ್ಲರಿಗೂ ಕಾಫಿ ಬಗ್ಗಿಸಿದಳು. ಅಷ್ಟರಲ್ಲಿ ಮೂಡಲಿಂದ ಕಪ್ಪು ಮೋಡ ಎದ್ದು, ಗುಡುಗಿ, ಕೊಡದಲ್ಲಿ ಸುರಿದ ಹಾಗೆ ಮಳೆ!

"ಒಳಗೆ! ಒಳಗೆ!"

ಓಡಿದರು. ಬಾಗಿಲಿಗೆ ಬೀಗ.

"ರಂಗಾ! ಬೀಗ ಯಾಕೋ ಹಾಕ್ದೆ?"

"ಸೂರಿನ ಕೆಳಗೆ ಒಂದು ನರಪಿಳ್ಳೆ ಇರಬಾರದು ಅಂದ್ಯಲ್ಲಮ್ಮ! ನೋಡು, ಒಬ್ರೂ ಇಲ್ಲ!"

"ಕೀಲಿಕೈ ಎಲ್ಲೋ?"

"ಭದ್ರವಾಗಿಡು ಅಂದೆ. ಒಳಗೆ ಮೊಳೆಗೆ ತೂಗುಹಾಕಿದ್ದೀನಿ. ಚೂರೂ ನೆನೆಯಲ್ಲ!"

ಕೀಲಿಕೈ ಇಲ್ಲದೆ ಒತ್ತಿದರೇ ಬೀಳುವ ಹಿತ್ತಾಳೆ ಬೀಗ, ಅಂಬುಜಾಕ್ಷಮ್ಮನ ಗಂಡನ ಕಾಲದ್ದು, ಕಲ್ಲಿನ ಏಟಿಗೆ ಜಗ್ಗಲಿಲ್ಲ. ಕಿಟಕಿಗಳಿಗೆಲ್ಲ ಸರಳು, ಅದರ ಮೇಲೆ ರೇಷ್ಮೆಹುಳು ಕೊಲ್ಲುವ ಊಜಿ ನೊಣ ಬರದ ಹಾಗೆ ಬಲೆ. ಸುತ್ತ ಸೊಂಟದೆತ್ತರದ ನೇರಳೆ ಗಿಡ ಬಿಟ್ಟರೆ ನಿಲ್ಲಲು ಇನ್ನೊಂದು ನೆರಳಿಲ್ಲ. ಆ ಸೀಮೆಯಲ್ಲೇ ಸೋರದ ಒಂದು ಸೂರು, ಅದರ ಮುಂದೆ ತೊಯ್ದು ತೊಪ್ಪೆಯಾದ ಎಂಟು ಜನ. ಅಂಬುಜಾಕ್ಷಮ್ಮ ನೋಟ್‌ಬುಕ್ಕನ್ನು ತಲೆ ಮೇಲಿಟ್ಟು, ಅದರ ಮೇಲೆ ಸಾಬರ ಹೆಲ್ಮೆಟ್ ಕವುಚಿಕೊಂಡಳು.

ಚೌಡಪ್ಪ ಮೊದಲು ನಕ್ಕ. ಹನ್ನೆರಡು ವರ್ಷದಲ್ಲಿ ಆ ಸೂರಿನ ಮುಂದೆ ಅವನು ನಕ್ಕದ್ದು ಅದೇ ಮೊದಲು. ಆಮೇಲೆ ಅಂಬುಜಾಕ್ಷಮ್ಮನೂ ತಡೆಯಲಾರದೆ ಹೋದಳು.

ಮಳೆ ಸಣ್ಣಗಾದ ಮೇಲೆ ಸಾಬರು ನಿಟ್ಟುಸಿರುಬಿಟ್ಟು ಸೊಂಟಕ್ಕೆ ಹಗ್ಗ ಬಿಗಿದರು. "ಬೇರೆ ದಾರಿ ಇಲ್ಲಮ್ಮ. ನಾನು ಹೊದಿಸಿದ್ದನ್ನ ನಾನೇ ಬಿಚ್ಚಬೇಕು." ಮೇಲೆ ಹತ್ತಿ, ಮಕ್ಕಳನ್ನು ಎತ್ತುವ ಹಾಗೆ ಆರು ಹೆಂಚು ಎತ್ತಿದರು. ಸಣಕಲು ರಂಗಧಾಮನಿಗೆ ಹೆಲ್ಮೆಟ್ ಹಾಕಿ, ಹಗ್ಗ ಕಟ್ಟಿ, ಎರಡು ಸಲ ಎಳೆದು ನೋಡಿ, ಆ ಸಂದಿಯಿಂದ ಒಳಗೆ ಇಳಿಬಿಟ್ಟರು. ಕೀಲಿಕೈಯನ್ನು ಕಿಟಕಿಯ ಬಲೆ ಸರಿಸಿ ಕೊಟ್ಟರೆ ಮುಗಿಯಿತು.

ಎಲ್ಲರೂ ಕಿಟಕಿಯ ಹತ್ತಿರ ಕಾದರು. ಒಳಗೆ ಸದ್ದಿಲ್ಲ.

"ರಂಗಾ! ಕೀಲಿಕೈ ಸಿಕ್ತೇನೋ?"

ಸದ್ದಿಲ್ಲ.

ಅಂಬುಜಾಕ್ಷಮ್ಮ ಸರಳಿನ ಸಂದಿಯಲ್ಲಿ ಇಣುಕಿದಳು. ಮಗ ಆರು ಹೆಂಚಿನ ಸಂದಿಯ ಸರಿಯಾಗಿ ಕೆಳಗೆ, ಕುಕ್ಕರುಗಾಲಲ್ಲಿ, ಕತ್ತು ಮೇಲೆತ್ತಿ ಕೂತಿದ್ದ. ಕೀಲಿಕೈ ಕೈಯಲ್ಲೇ ಇತ್ತು. ಒಂದು ಹನಿ ಬಂದು ಅವನ ಮೂಗಿನ ಮೇಲೆ ಬಿತ್ತು.

"ಅಮ್ಮಾ!" ಅಂತ ತೋಟವೆಲ್ಲ ಕೇಳುವ ಹಾಗೆ ಕೂಗಿದ. "ಸೋರ್ತಾ ಇದೆ! ಬುಡೇನ್ ಸಾಬರು ಬೇಡ!"