ಕೇಳವ್ವನ ಸೊಟ್ಟ ಚಾಪೆ

ಮೂರು ಮಾತಿನ ಹೆಸರು ಅದು. ಮೊದಲನೆಯದು ನಾಲಿಗೆಗೆ ಬರುತ್ತದೆ. ಎರಡನೆಯದೂ ಬರುತ್ತದೆ. ಮೂರನೆಯದು... ತಡಿ, ಬಂತು. ಇಲ್ಲ, ಹೋಯಿತು. ತುಟಿ ಕೂಡಿಸಿ ಶುರುಮಾಡುವ ಮಾತು, ಅಷ್ಟು ಗೊತ್ತು.

ಇರಲಿ ಕೇತಕಿ. ನಿನ್ನೆ ಕಾಲೇಜಿನ ಹಾಳೆ ಹಿಡಿದುಕೊಂಡು "ಅಜ್ಜಿ, ನಾವು ಯಾವ ಜನ?" ಎಂದು ಕೇಳಿದೆಯಲ್ಲ, ಅದನ್ನೇ ಕೇಳುತ್ತ ನಮ್ಮೂರಿಗೆ ಒಬ್ಬಳು ಬಂದಿದ್ದಳು. ಅವಳ ಕತೆ ಹೇಳುತ್ತೇನೆ. ಹೇಳುತ್ತ ಹೋದರೆ ಆ ಮಾತೂ ಹಿಂದಿನಿಂದ ಬಂದೀತು.

ಹೊಳೆ ಇನ್ನೂ ದಿಬ್ಬದ ಮೂಡಲಿಗೆ ಹರಿಯುತ್ತಿದ್ದ ಕಾಲ. ಆಗ ಒಂದೂರು, ಜೊಂಡುದಿಬ್ಬ ಅಂತ. ಮೂವತ್ತು ಮನೆ. ಹೊಳೆಯ ಜೊಂಡು ಕೊಯ್ಯುವುದು, ಒಣಗಿಸುವುದು, ಚಾಪೆ ನೇಯುವುದು. ಸಂತೆಯಲ್ಲಿ ಕನ್ನಡ ಆಡುತ್ತಿದ್ದರು, ಮನೆಗೆ ಬಂದರೆ ಬೇರೆಯದೇ ಮಾತು. ಆ ಮಾತು ದಿಬ್ಬ ಇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲವಂತೆ.

ಆ ಜನಕ್ಕೆ ಒಂದು ರೂಢಿ. ಹೊರಗಿನವರು "ನೀವು ಯಾವ ಜನ?" ಎಂದು ಕೇಳಿದರೆ "ನಿಮ್ಮವರೇ" ಎನ್ನಬೇಕು. ಹಿಂದೆ ಯಾವಾಗಲೋ ಹೊಳೆ ಉಕ್ಕಿ ಊರೇ ಕೊಚ್ಚಿಹೋದಾಗ ಆಸರೆ ಕೊಟ್ಟವರೊಬ್ಬರು ಹಾಗೆ ಕೇಳಿದರಂತೆ, ಇವರು ಹಾಗೆ ಹೇಳಿದರಂತೆ. ಅಂದಿನಿಂದ ಅದೇ ಮರ್ಯಾದೆ. ನಿಜವಾದ ಹೆಸರು ಬೇರೆ ಇತ್ತು. ಮೊದಲ ಚಾಪೆ ನೇಯ್ದು ಮುಗಿಸಿದ ದಿನ, ಗಂಡಾಗಲಿ ಹೆಣ್ಣಾಗಲಿ, ಅದೇ ಚಾಪೆಯ ಮೇಲೆ ಕೂರಿಸಿ, ಹಿರಿಯಳೊಬ್ಬಳು ಕಿವಿಯಲ್ಲಿ ಒಮ್ಮೆ ಹೇಳುವಳು. ಒಮ್ಮೆ ಮಾತ್ರ. ಬಾಯಿಂದ ಕಿವಿಗೆ. ಕಾಗದಕ್ಕೆ ಇಲ್ಲ.

ಈ ಮರ್ಯಾದೆಯೇ ಅವರಿಗೆ ಮುಳುವಾಯಿತು. ಜನ ಎಣಿಸಲು ಬಂದ ಗುಮಾಸ್ತ ಕೇಳಿದ, "ನಿಮ್ಮವರೇ" ಎಂದರು, ಅವನು ತನ್ನ ಕುಲವನ್ನೇ ಬರೆದುಕೊಂಡು ಹೋದ. ಇನ್ನೊಂದು ಸಲ ಇನ್ನೊಬ್ಬ ಬಂದ, ಅವನು ತನ್ನದನ್ನು ಬರೆದ. ಒಂದೇ ತಾಯಿಯ ಮೂರು ಮಕ್ಕಳು ಕಾಗದದಲ್ಲಿ ಮೂರು ಕುಲವಾದರು. ಕೊನೆಗೊಮ್ಮೆ ಶಾಲೆ ಬೇಕು, ದಿಬ್ಬದ ಪಟ್ಟಾ ಬೇಕು ಎಂದು ಕಚೇರಿಗೆ ಹೋದರೆ, ಚಾಪೆ ನೇಯುವ ಜನ ಅಂತ ಯಾರೂ ಪಟ್ಟಿಯಲ್ಲಿ ಇಲ್ಲ, ದಿಬ್ಬ ಖಾಲಿ ಜಾಗ, ಇಟ್ಟಿಗೆ ಭಟ್ಟಿಗೆ ಕೊಡುತ್ತೇವೆ ಎಂದರಂತೆ.

ಅಂಥ ಹೊತ್ತಿಗೆ ಅವಳು ಬಂದಳು. ಅವಳ ಹೆಸರು ಕುಮುದಿನಿ ಎಂದು ಕೆಲವರು, ಅಲ್ಲ ಸುಲೋಚನೆ ಎಂದು ಕೆಲವರು. ದೊಡ್ಡ ಊರಿನ ದೊಡ್ಡ ವಿದ್ಯೆ ಕಲಿಯುವವಳು. ಒಂದು ಜನ ಯಾರು, ಹೇಗೆ ಮಾತಾಡುತ್ತಾರೆ, ಏನು ಮಾಡಿದರೆ ಅವರ ಬಾಳು ಹಸನಾದೀತು ಎಂದು ಪುಸ್ತಕ ಬರೆದರೆ ಅವಳ ಓದು ಮುಗಿಯುತ್ತಿತ್ತು. ಒಂದು ಟ್ರಂಕಿನ ತುಂಬ ಪ್ರಶ್ನೆಯ ಹಾಳೆ ತಂದಿದ್ದಳು. ನೂರಾ ಎಂಟು ಪ್ರಶ್ನೆಯಂತೆ. ಮೊದಲ ಪ್ರಶ್ನೆಯೇ "ನೀವು ಯಾವ ಜನ?"

ಮೊದಲ ಮನೆ ಗಾಳೆವ್ವನದು. ಊರಿಗೇ ಹಿರಿಯಳು. "ನಿನ್ನವರೇ ಅದೀವಿ, ತಂಗಿ" ಎಂದಳು ಗಾಳೆವ್ವ. ಎರಡನೆಯ ಮನೆಯಲ್ಲೂ ನಿನ್ನವರೇ. ಹತ್ತನೆಯ ಮನೆಯಲ್ಲೂ ನಿನ್ನವರೇ. ಸಂಜೆಗೆ ಹಾಳೆ ನೋಡಿದರೆ ಮೂವತ್ತು ಮನೆಯೂ ಅವಳ ಬಳಗವೇ. ತಂದೆ ತಾಯಿ ಇಲ್ಲದೆ ಬೆಳೆದವಳು, ತನ್ನವರು ಅಂತ ಒಬ್ಬ ಅಣ್ಣ ಬಿಟ್ಟರೆ ಯಾರೂ ಇರಲಿಲ್ಲವಂತೆ. ಹಾಳೆ ಮಡಿಲಲ್ಲಿ ಇಟ್ಟುಕೊಂಡು ನಕ್ಕಳು ಎನ್ನುತ್ತಾರೆ. ಅತ್ತಳು ಎಂದೂ ಎನ್ನುತ್ತಾರೆ.

ಮರುದಿನ ಮತ್ತೆ ಕೇಳಿದಳು. ಅದರ ಮರುದಿನವೂ. ಊರವರು ಅವಳಿಗೆ ಕೇಳವ್ವ ಎಂದು ಹೆಸರಿಟ್ಟರು. ಕೇಳವ್ವ ಬಂದಳು ಅಂದರೆ ಹುಡುಗರು ಜೊಂಡಿನೊಳಗೆ ಅಡಗುತ್ತಿದ್ದರಂತೆ. ಗಾಳೆವ್ವ ಎಷ್ಟು ದಿನ ತಡೆದಾಳು? "ಬಾಯಿ ಭಾಳ ದುಡಿಸ್ತಿ, ತಂಗಿ. ಕೈಗೆ ಯಾವಾಗ ಕೆಲಸ ಕೊಡ್ತಿ?" ಎಂದು ಒಂದು ಕಟ್ಟು ಜೊಂಡನ್ನು ಅವಳ ಮುಂದೆ ಹಾಕಿದಳು.

ಕೇಳವ್ವ ಹಾಳೆಗಳನ್ನು ಟ್ರಂಕಿಗೆ ಹಾಕಿ ಕುಳಿತಳು. ಜೊಂಡಿನ ಅಂಚು ಕೈ ಕೊಯ್ದಿತು, ಅರಿಶಿನ ಮೆತ್ತಿಕೊಂಡು ಕುಳಿತಳು. ಕೈ ಕೆಲಸಕ್ಕೆ ಬಿದ್ದ ಮೇಲೆ ಸುತ್ತಲಿನವರ ಬಾಯಿ ತಾನೇ ತೆರೆಯಿತು. ಹೆರಿಗೆಯ ಮಾತು, ಜಗಳದ ಮಾತು, ಜೋಗುಳ, ಬೈಗುಳ. ಅವಳು ಕೇಳದೆಯೇ ಎಲ್ಲ ಬಂತು. ನೂರು ದಿನದಲ್ಲಿ ಮನೆಮಾತು ಕಲಿತಳು ಎನ್ನುತ್ತಾರೆ. ಕನಸಿನಲ್ಲೂ ಅದನ್ನೇ ಆಡುತ್ತಿದ್ದಳು ಎನ್ನುತ್ತಾರೆ. ಚಾಪೆಯ ಅಂಚು ಮುಟ್ಟಿಯೇ ಇದು ಇಂಥವರ ಕೈ ಎಂದು ಹೇಳುತ್ತಿದ್ದಳಂತೆ.

ಒಂದು ದಿನ ಅವಳ ಚಾಪೆ ಮುಗಿಯಿತು. ಸೊಟ್ಟ ಚಾಪೆ. ತಲೆಯ ಕಡೆ ಮೂರು ಮೊಳ, ಕಾಲಿನ ಕಡೆ ಎರಡೇ. ಊರು ಬಿದ್ದು ಬಿದ್ದು ನಕ್ಕಿತು. ಆಮೇಲೆ ರೂಢಿ ನೆನಪಾಯಿತು. ಮೊದಲ ಚಾಪೆ ಮುಗಿಸಿದವರನ್ನು ಕೂರಿಸಬೇಕು. ಹೊರಗಿನವಳೊಬ್ಬಳು ಮುಗಿಸಿಯಾಳು ಎಂದು ಯಾರೂ ಎಣಿಸಿರಲಿಲ್ಲ. ಬೇಡ ಎಂದರು ಕೆಲವರು. ನೇಯ್ದದ್ದು ನೇಯ್ದದ್ದೇ ಎಂದಳು ಗಾಳೆವ್ವ. ಅದೇ ಸೊಟ್ಟ ಚಾಪೆಯ ಮೇಲೆ ಕೂರಿಸಿ ಆ ಮೂರು ಮಾತನ್ನು ಅವಳ ಕಿವಿಯಲ್ಲಿ ಹೇಳಿದಳು.

ಕೇಳವ್ವ ಪುಸ್ತಕ ಬರೆದಳು. ಎರಡು ಸಾವಿರ ಮಾತು ಬರೆದಳು, ನೇಯ್ಗೆ ಬರೆದಳು, ಹಾಡು ಬರೆದಳು. ಮೊದಲ ಸಾಲಿನಲ್ಲಿ ಜನದ ಹೆಸರು ಬರೆಯಬೇಕಿತ್ತು. ಅದನ್ನು ಖಾಲಿ ಬಿಟ್ಟಳು. ಹೆಸರಿಲ್ಲದ ಜನದ ಮೇಲೆ ಪುಸ್ತಕ ಒಪ್ಪುವುದಿಲ್ಲ ಎಂದು ಅವಳ ಗುರುಗಳು ಕಾಗದ ಹಾಕಿದರಂತೆ. ಆ ಹೆಸರು ನನ್ನ ಕೈಯಲ್ಲಿ ಇರುವುದಲ್ಲ, ಅವರ ಬಾಯಲ್ಲಿ ಇರುವುದು ಎಂದು ತಿರುಗಿ ಬರೆದಳಂತೆ. ಅವಳ ಓದು ಮುಗಿಯಿತೋ ಇಲ್ಲವೋ ನಮಗೆ ಯಾರೂ ಹೇಳಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು. ತಾಲೂಕಿನ ಅಮಲ್ದಾರರು ತಾವೇ ಬಂದು ದಿಬ್ಬ ಯಾರದೆಂದು ತೀರ್ಮಾನಿಸುತ್ತಾರೆ ಎಂದು. ಊರವರು ಪುಸ್ತಕ ಕೊಟ್ಟುಬಿಡು, ಅದೇ ಸಾಕ್ಷಿ ಎಂದರು. ಪುಸ್ತಕದ ಮೊದಲ ಸಾಲು ಖಾಲಿ ಇದೆ, ಅದನ್ನು ನೀವೇ ತುಂಬಬೇಕು ಎಂದಳು ಕೇಳವ್ವ. ಹೊರಗಿನವರ ಮುಂದೆ ಆ ಹೆಸರು ಎಂದೂ ಬಾಯಿಗೆ ಬಂದದ್ದಿಲ್ಲ. ಆಗ ಅವಳು ಗಾಳೆವ್ವನಿಗೆ ಮನೆಮಾತಿನಲ್ಲೇ ಹೇಳಿದಳಂತೆ: "ಅವರು ಕೇಳಿದಾಗ ನಿಮ್ಮವರೇ ಅಂದರೆ, ದಿಬ್ಬವೂ ಅವರದೇ ಆಗುತ್ತದೆ, ಅವ್ವಾ."

ಅಮಲ್ದಾರರು ಬಂದು ಬೇವಿನ ಮರದ ಕೆಳಗೆ ನಿಂತರು. ನೀವು ಯಾವ ಜನ ಎಂದರು. ಗಾಳೆವ್ವ "ನಿಮ್ಮ" ಎಂದಳು. ಅಲ್ಲಿಗೇ ನಿಂತಳು. ಕೇಳವ್ವ ತಲೆ ಎತ್ತಲಿಲ್ಲ. ಗಾಳೆವ್ವ ಒಳಗೆ ಹೋಗಿ ಆ ಸೊಟ್ಟ ಚಾಪೆ ತಂದು ಹಾಸಿದಳು. ಒಂದು ಎಳೆ ಜೊಂಡನ್ನು ಅಮಲ್ದಾರರ ಕೈಗೆ ಕೊಟ್ಟು, ಅಂಚಿಗೆ ಸಿಕ್ಕಿಸಪ್ಪ ಎಂದಳು. ಅವರಿಗೆ ಏನೂ ತಿಳಿಯಲಿಲ್ಲ, ಸಿಕ್ಕಿಸಿದರು.

"ಈಗ ನೀನೂ ನೇಯ್ದಿ. ಕೂಡು. ಕಿವಿ ತಾ" ಎಂದಳು ಗಾಳೆವ್ವ.

ಅವಳು ಹೇಳಿದಳು. ಅವಳ ಹಿಂದೆ ಅವಳ ಮಗ ಹೇಳಿದ. ಅವನ ಹಿಂದೆ ಊರೇ ಸಾಲು ನಿಂತಿತು. ಒಬ್ಬೊಬ್ಬರೇ ಬಂದು ಬಗ್ಗಿ ಅದೇ ಮೂರು ಮಾತು. ಎಪ್ಪತ್ತು ಜನ ಎನ್ನುತ್ತಿದ್ದಳು ನಮ್ಮಜ್ಜಿ. ನಮ್ಮ ದೊಡ್ಡವ್ವ ಇನ್ನೂರು ಎನ್ನುತ್ತಿದ್ದಳು. ಹೊತ್ತು ನೆತ್ತಿಗೇರಿ ಇಳಿಯಿತಂತೆ, ಅಮಲ್ದಾರರ ಕಿವಿ ಕೆಂಪಗೆ ದಾಸವಾಳವಾಗಿತ್ತಂತೆ. ಇಷ್ಟು ಬಾಯಿ ಒಂದೇ ಹೆಸರು ಹೇಳಿದ ಮೇಲೆ ಇಲ್ಲ ಎನ್ನುವವನು ನಾನಲ್ಲ ಎಂದರಂತೆ. ಪಟ್ಟಿಯಲ್ಲಿ "ಜೊಂಡುದಿಬ್ಬದವರು. ಹೆಸರು ಕೇಳಿದ್ದೇನೆ" ಎಂದು ಬರೆದು ಮೊಹರು ಒತ್ತಿದರು. ದಿಬ್ಬ ಉಳಿಯಿತು. ಶಾಲೆಯೂ ಬಂತು.

ಕೇಳವ್ವ ಹೋದಳು. ಮತ್ತೆ ಬರುತ್ತೇನೆ ಎಂದಿದ್ದಳು. ಬರಲಿಲ್ಲ. ಪುಸ್ತಕ ಅವಳ ಜೊತೆ ಹೋಯಿತು, ಚಾಪೆ ನಮ್ಮ ಜೊತೆ ಉಳಿಯಿತು.

ಇಂದಿಗೂ ಜೊಂಡುದಿಬ್ಬದಲ್ಲಿ ಮಕ್ಕಳು ಮೊದಲ ಚಾಪೆಯ ಒಂದು ತುದಿಯನ್ನು ಬೇಕೆಂದೇ ಕಿರಿದು ಮಾಡುತ್ತಾರಂತೆ. ಹೊರಗಿನವರು ಏನಾದರೂ ಕೇಳಲು ಬಂದರೆ ಮೊದಲು ಒಂದು ಎಳೆ ಕೈಗೆ ಕೊಡುತ್ತಾರಂತೆ. ಅಂತೆ ಎನ್ನುತ್ತಿದ್ದೇನೆ. ನಾನು ಕಂಡು ಐವತ್ತು ವರ್ಷದ ಮೇಲಾಯಿತು.

ಹತ್ತು ವರ್ಷದವಳಿದ್ದಾಗ ನನ್ನ ಮೊದಲ ಚಾಪೆ ಮುಗಿಯಿತು. ಗಾಳೆವ್ವನ ಮೊಮ್ಮಗಳು, ನಮ್ಮಜ್ಜಿ, ಕಿವಿಯಲ್ಲಿ ಹೇಳಿದಳು. ಅವಳ ಬಾಯಲ್ಲಿ ಎಲೆಯಡಿಕೆಯ ವಾಸನೆ ಇತ್ತು. ಅದು ನೆನಪಿದೆ. ಮದುವೆಯಾಗಿ ಈ ದೂರದ ಊರಿಗೆ ಬಂದೆ. ಇಲ್ಲಿ ಯಾರ ಹತ್ತಿರ ಆಡಲಿ ಆ ಮಾತನ್ನು? ಕಿಟಕಿ ತೆರೆದರೆ ರೈಲು. ನಿನ್ನ ತಂದೆಗೆ ಹೇಳೋಣವೆಂದರೆ ಅವನು ಚಾಪೆ ನೇಯಲಿಲ್ಲ, ನಾನೂ ನೇಯಿಸಲಿಲ್ಲ. ಬಾಗಿಲಿಗೆ ಯಾರು ಬಂದು ಕೇಳಿದರೂ "ನಿಮ್ಮವರೇ" ಎಂದು ನಕ್ಕು ಕಳಿಸಿದೆ. ಹಾಗೆ ಕಳಿಸುತ್ತ ಕಳಿಸುತ್ತ ಮೂರನೆಯ ಮಾತೂ ಯಾರದೋ ಹಿಂದೆ ಹೋಯಿತೇನೋ.

ಬಾ, ಇಲ್ಲಿ ಕೂಡು. ಚಾಪೆ ಇಲ್ಲ, ಈ ಚಾದರವೇ ಆಗಲಿ. ಕಿವಿ ತಾ.

ಬೇಡ. ಕಿವಿಗೆ ಹಾಕಿದ್ದು ಹೇಗೆ ಹೋಗುತ್ತದೆ ಎಂದು ನೋಡಿದೆಯಲ್ಲ. ಗಾಳೆವ್ವ ಬೈದರೆ ನನ್ನನ್ನು ಬೈಯಲಿ. ಪೆನ್ನು ತಗೋ. ಎರಡು ಹೇಳುತ್ತೇನೆ, ಮೂರನೆಯದಕ್ಕೆ ಜಾಗ ಬಿಡು. ನೀನು ಯಾವತ್ತಾದರೂ ಆ ದಿಬ್ಬಕ್ಕೆ ಹೋದರೆ, ಮೊದಲು ಒಂದು ಎಳೆ ನೇಯಿ, ಆಮೇಲೆ ಕೇಳು. ಈಗ ಬರೆ, ಮಗಳೇ.