ಬರಬಾರದೇ

ನದಿಯ ದಡದ ಆಶ್ರಮವೊಂದರಲ್ಲಿ ಗುರು ನಿಜಗುಣಯ್ಯನವರು ಇಂಗ್ಲಿಷ್-ಕನ್ನಡ ನಿಘಂಟು ಬರೆಯುತ್ತಿದ್ದರು. ಅದು ಮುಗಿಯುವುದಕ್ಕಿಂತ ಮೊದಲು ಮೋಕ್ಷವೇ ಸಿಗಬಹುದು ಎಂದು ಶಿಷ್ಯ ಮರಿಶಾಂತನಿಗೆ ಅನ್ನಿಸುತ್ತಿತ್ತು.

ಅವತ್ತು, ಹಿಂದೆ ಬರೆಯದೆ ಬಿಟ್ಟಿದ್ದ 'ಇಂಟರ್ನೀಸೈನ್' ಎಂಬ ಪದಕ್ಕೆ ಬಂದರು.

"ತಮ್ಮತಮ್ಮಲ್ಲೇ ಹೊಡೆದಾಡಿ ಇಬ್ಬರೂ ಹಾಳಾಗುವಂಥದ್ದು. ಅಲ್ಲವೇ ಗುರುಗಳೇ?"

"ಈಗ ಹೌದು. ಲ್ಯಾಟಿನ್‌ನಲ್ಲಿ ಒಬ್ಬರನ್ನೂ ಉಳಿಸದೆ ಕೊಲ್ಲುವುದು ಅಂತ ಇತ್ತು. ಅಲ್ಲಿ 'ಇಂಟರ್' ಅಂದರೆ 'ಪೂರ್ತಿಯಾಗಿ'. ಹಿಂದೆ ಒಬ್ಬ ಇಂಗ್ಲಿಷ್ ನಿಘಂಟುಕಾರ ಅದನ್ನು 'ನಡುವೆ' ಅಂತ ತಿಳಿದುಕೊಂಡ. ಉಳಿದವರು ಅವನನ್ನು ನೋಡಿ ಬರೆದರು."

"ನಾವೂ ತಪ್ಪನ್ನೇ ಬರೆಯೋಣವೇ?"

"ಎಲ್ಲರೂ ಹಾಗೇ ಬಳಸಿದ ಮೇಲೆ ಅದೇ ಸರಿ. ವಿರೂಪಣ್ಣ ಮಾತ್ರ ಒಪ್ಪಲಿಲ್ಲ."

ವಿರೂಪಣ್ಣನವರು ಗುರುಗಳ ಗೆಳೆಯರು. ನಿಘಂಟನ್ನು ಇಬ್ಬರೂ ಕೂಡಿ ಶುರುಮಾಡಿದ್ದರು. ಆರು ವರ್ಷದ ಹಿಂದೆ ಇದೇ ಪದಕ್ಕಾಗಿ ಜಗಳವಾಡಿ ವಿರೂಪಣ್ಣನವರು ಆಚೆ ದಡದ ತಮ್ಮ ಮನೆಗೆ ಹೊರಟುಹೋದರು. ಮರುವಾರವೇ ಗುರುಗಳು, ತಾವು ಅವರ ಮನೆಗೆ ಬಂದು ಕಾಣಬಹುದೇ ಎಂದು ಕೇಳಲು ಮರಿಶಾಂತನನ್ನು ಕಳಿಸಿದರು.

ಅವನು ಹಿಂದಿರುಗಿ, "ಬರಬಾರದು ಅಂದರು" ಎಂದು ಹೇಳಿದ್ದ. ಗುರುಗಳು ಮತ್ತೆ ಆ ವಿಷಯ ಎತ್ತಿರಲಿಲ್ಲ.

ಮಧ್ಯಾಹ್ನ ವಿರೂಪಣ್ಣನವರ ಮಗಳು ಗೌರವ್ವ ಬಂದಳು.

"ಅಪ್ಪ ತೀರಿಹೋಗಿ ಮೂರು ದಿನ ಆಯಿತು ದೊಡ್ಡಪ್ಪ."

ಗುರುಗಳ ಎದುರು ಕೂತು ಅವಳೇ ಮುಂದುವರಿಸಿದಳು.

"ದಿನಾ ಬಾಗಿಲ ಕಡೆ ನೋಡೋರು. 'ಅವನೊಮ್ಮೆ ಬರಬಾರದೇ' ಅನ್ನೋರು. ನೀವು ಕೇಳಿ ಕಳಿಸಿದಾಗಲೂ 'ಬರಬಾರದೇ' ಅಂತಲೇ ಹೇಳಿ ಕಳಿಸಿದ್ದರಂತೆ. ಒಂದು ಪದ ಬಿಟ್ಟುಕೊಟ್ಟಿದ್ದರೆ ನಿಮ್ಮ ಪುಸ್ತಕ ತೆಳ್ಳಗಾಗುತ್ತಿತ್ತೇ?"

ಉತ್ತರಕ್ಕೆ ಕಾಯದೆ ಅವಳು ಎದ್ದುಹೋದಳು.

ಮರಿಶಾಂತ ಗುರುಗಳ ಮುಂದೆ ಬಂದು ನಿಂತ.

"ಗುರುಗಳೇ, 'ಬರಬಾರದೇ' ಅಂದದ್ದನ್ನು ನಾನು 'ಬರಬಾರದು' ಅಂತ ಬಂದು ಹೇಳಿದೆ. ಅವರು ಸಿಟ್ಟಲ್ಲಿದ್ದಾರೆ ಅಂದುಕೊಂಡೇ ಹೋಗಿದ್ದೆ. ಹಾಗೇ ಕೇಳಿಸಿತು."

"ನನಗೂ ಹಾಗೇ ಕೇಳಿಸಿಕೊಳ್ಳುವುದು ಬೇಕಾಗಿತ್ತು ಅಂತ ಕಾಣುತ್ತೆ."

"ಇಲ್ಲ, ತಪ್ಪೆಲ್ಲ ನನ್ನದು."

ಗುರುಗಳು ಪೆನ್ನಿಗೆ ಮುಚ್ಚಳ ಹಾಕಿದರು.

"ದೋಣಿ ದಿನಕ್ಕೆರಡು ಸಲ ಆಚೆಗೆ ಹೋಗುತ್ತದೆ ಮರಿಶಾಂತ. ಆರು ವರ್ಷ ಅದನ್ನು ನೋಡುತ್ತಾ ಕೂತವನು ನಾನು."